ಬಲಗಡೆಯ ಮನೆ

ನಮ್ಮೂರಿನಲ್ಲಿ ನಿನ್ನೆಯ ಎದುರು ಮನೆ ಇವತ್ತೂ ಎದುರಿಗೇ ಇರಬೇಕೆಂಬ ಕಾನೂನಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮನೆಗಳೆಲ್ಲ ತಮಗೆ ಬೇಕಾದ ಕಡೆ ಹೋಗಿ ನಿಂತಿರುತ್ತವೆ. ಮಸೀದಿಯ ಪಕ್ಕದಲ್ಲಿ ಮಲಗಿದವರು ಬೆಳಗ್ಗೆ ಹಲ್ಲುಜ್ಜುತ್ತ ಹೊರಗೆ ಬಂದರೆ ಎದುರಿಗೆ ಹೈಸ್ಕೂಲಿನ ಗೇಟು. ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ, ಆಸ್ಪತ್ರೆ, ಸಲೂನು, ಯಾವುದಕ್ಕೂ ವಿನಾಯಿತಿ ಇಲ್ಲ. ಕದಲದೆ ನಿಂತಿರುವುದೆಂದರೆ ನೀರಿನ ಟ್ಯಾಂಕ್ ಒಂದೇ. ಆ ಟ್ಯಾಂಕಿನ ವಾಟರ್‌ಮನ್ ನಾನು, ಹೊನ್ನಪ್ಪ. ಊರಲ್ಲಿ ದಾರಿ ತಪ್ಪಿದವರೆಲ್ಲ ಕೊನೆಗೆ ನನ್ನ ಹತ್ತಿರವೇ ಬರಬೇಕು. ಹಾಗಾಗಿ ನನಗೆ ಸ್ವಲ್ಪ ಜಂಬ ಜಾಸ್ತಿ ಅಂತ ನನ್ನ ಹೆಂಡತಿ ಸೌಭಾಗ್ಯ ಹೇಳುತ್ತಾಳೆ. ಇರಲಿ ಬಿಡಿ, ಇರಬಾರದೇ?

ಇಂಥ ಊರಲ್ಲಿ ಬದುಕುವುದು ಹೇಗೆ ಎಂದು ಹೊರಗಿನವರು ಕಣ್ಣು ಕಣ್ಣು ಬಿಡುತ್ತಾರೆ. ಹೇಗೆಂದರೆ ಹೀಗೆ. ಹಾಲಿನವನ ಸೈಕಲ್ ಬೆಲ್ ಕೇಳಿದ ಕೂಡಲೇ ಪ್ರತಿ ಮನೆಯಿಂದ ಒಬ್ಬರು ಹೊರಗೆ ಬಂದು, ಬಲಗಡೆಯ ಮನೆ ಇವತ್ತು ಯಾರದ್ದೇ ಆಗಿರಲಿ, ಅದರ ಬಾಗಿಲು ತಟ್ಟಬೇಕು. ಮೂರೇ ಪ್ರಶ್ನೆ. ಎಷ್ಟು ಜನ ಇದ್ದೀರಿ? ನಡೆಯೋಕಾಗದೋರು ಯಾರಾದ್ರೂ ಇದ್ದಾರಾ? ಒಲೆಗೆ ಏನಾದ್ರೂ ಬೇಕಾ? ಇದಕ್ಕೆ ನಾವು ಬಾಗಿಲು ಕೇಳುವುದು ಅನ್ನುತ್ತೇವೆ. ಕೇಳಿದವರು ಮಾರನೆಯ ದಿನ ಹಾಲು ಬರುವ ತನಕ ಆ ಮನೆಗೆ ಜವಾಬ್ದಾರರು. ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಗಳು ಒಮ್ಮೊಮ್ಮೆ ಬೇಕೆಂತಲೇ ಪಕ್ಕಪಕ್ಕ ಬಂದು ನಿಲ್ಲುತ್ತವೆ. ಆಗಲೂ ಕೇಳಲೇಬೇಕು, ಮುಖ ಆಕಡೆ ತಿರುಗಿಸಿಕೊಂಡು ಕೇಳಿದರೂ ನಡೆಯುತ್ತದೆ. ತಟ್ಟಿದ ಬಾಗಿಲು ತೆರೆಯದಿದ್ದರೆ ಮಾತ್ರ ಮಾತಿಲ್ಲ, ತಟ್ಟೆ ತಂದು ಬಡಿಯಬೇಕು. ಆ ಸದ್ದು ಕೇಳಿದವರು ತಾವೂ ಬಡಿಯುತ್ತ ಅತ್ತ ಓಡಬೇಕು. ಆರು ವರ್ಷದ ಹಿಂದೆ ಡ್ರಾಯಿಂಗ್ ಮೇಷ್ಟರು ಬಚ್ಚಲಲ್ಲಿ ಜಾರಿ ಬಿದ್ದಾಗ ಬಡಿದದ್ದೇ ಕೊನೆ.

ಈ ಊರಿಗೆ ನೀಲಾಂಬಿಕೆ ಮೇಡಂ ವರ್ಗವಾಗಿ ಬಂದರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಬಂದ ಮೊದಲ ಬೆಳಗ್ಗೆ ರೂಮಿನಿಂದ ಹೊರಗೆ ಬಂದು ನೋಡಿದರೆ ಎದುರಿಗಿದ್ದ ಕಚೇರಿ ಮಾಯ. ಹೆಗಲಿಗೆ ಬ್ಯಾಗು ಹಾಕಿಕೊಂಡು ಊರೆಲ್ಲ ಸುತ್ತಿ ಸುತ್ತಿ, ಕಡೆಗೆ ನನ್ನ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು ಗಳಗಳ ಅತ್ತುಬಿಟ್ಟರು. ಎರಡನೆಯ ಬೆಳಗ್ಗೆ ಅವರ ರೂಮು ಎಮ್ಮೆ ಸಾಕುವ ಸಣ್ಣತಾಯಮ್ಮನ ಬಲಗಡೆಗೆ ಬಂದಿತ್ತು. ಸಣ್ಣತಾಯಮ್ಮ ಬಾಗಿಲು ತಟ್ಟಿ, "ಎಷ್ಟು ಜನ ಇದ್ದೀರವ್ವಾ?" ಅಂದಳು. "ಒಬ್ಬಳೇ," ಅಂದರು ಮೇಡಂ. "ಒಬ್ಳೇ ಅಂದ್ರೆ ಆಯ್ತಾ? ಉಣ್ಣೋಕೆ ಏನ್ ಮಾಡ್ಕಂಡಿದ್ದೀಯ?" ಎಂದು ಗದರಿ ರೊಟ್ಟಿ ತಂದಿಟ್ಟಳು. ಅವತ್ತಿನಿಂದ ಮೇಡಂ ಅಳಲಿಲ್ಲ. ಮೂರು ವರ್ಷದಲ್ಲಿ ಎರಡು ಸಲ ವರ್ಗಾವಣೆಯ ಆದೇಶ ಬಂದರೂ ಅದನ್ನು ರದ್ದು ಮಾಡಿಸಿಕೊಂಡು ಇಲ್ಲೇ ಉಳಿದರು.

ಆಗ ರಾಜಧಾನಿಯಿಂದ ಒಂದು ಕಡತ ಬಂತು. ದೊಡ್ಡ ಪಟ್ಟಣಗಳಲ್ಲಿ ಬಾಂಬು, ಗುಂಡು ಅಂತ ಸುದ್ದಿ ಬರುತ್ತಿದ್ದ ಕಾಲ. ಪ್ರತಿ ಊರೂ ಭಯೋತ್ಪಾದಕರ ದಾಳಿ ಎದುರಿಸಲು ತುರ್ತು ಯೋಜನೆ ಬರೆಯಬೇಕು, ಪೊಲೀಸರು, ಅಗ್ನಿಶಾಮಕದವರು, ಆಸ್ಪತ್ರೆಯವರು, ಪಂಚಾಯಿತಿಯವರು ಎಲ್ಲರನ್ನೂ ಒಂದೇ ದಾರಕ್ಕೆ ಪೋಣಿಸಬೇಕು, ಅಣಕು ಕಾರ್ಯಾಚರಣೆ ಮಾಡಿ ತೋರಿಸಬೇಕು. ಕಚೇರಿಯಲ್ಲಿ ಯಾರೂ ಆ ಕಡತ ಮುಟ್ಟಲಿಲ್ಲ. ಹಾವು ಕಂಡಂತೆ ಎಲ್ಲರೂ ಹಿಂದೆ ಸರಿದರು. ಮೇಡಂ ತಾವೇ ತೆಗೆದುಕೊಂಡರು. ಕಡತದ ಮೊದಲ ಹಾಳೆಯಲ್ಲೇ ದಪ್ಪಕ್ಷರದಲ್ಲಿ ಬರೆದಿತ್ತು: ಊರಿನ ನಕ್ಷೆಯನ್ನು ಇಲ್ಲಿ ಅಂಟಿಸತಕ್ಕದ್ದು.

ನಕ್ಷೆ! ನಮ್ಮೂರಿಗೆ! ಆದರೂ ಮೇಡಂ ಪಟ್ಟು ಬಿಡಲಿಲ್ಲ. ಮೊದಲ ಸಲ ಊರಿನ ಗೋಡೆಗಳ ಮೇಲೆಲ್ಲ ಟ್ಯಾಂಕಿನ ಕಡೆಗೆ ಹಸಿರು ಬಾಣ ಬರೆಸಿದರು. ಮಾರನೆಯ ಬೆಳಗ್ಗೆ ಬಾಣಗಳು ಒಂದನ್ನೊಂದು ತೋರಿಸುತ್ತ ನಿಂತಿದ್ದವು. ಟ್ಯಾಂಕಿನ ಮೇಲೆ ಹೊಸದಾಗಿ ಕೂರಿಸಿದ್ದ ಸೈರನ್ ಆದ ಮೇಲೆ ಬಾಣ ನಂಬಿಕೊಂಡು ಹೊರಟ ಆಂಬುಲೆನ್ಸ್ ಒಂದೇ ಸಲೂನಿನ ಮುಂದೆ ನಾಲ್ಕು ಸಲ ಹಾದುಹೋಯಿತು. ಐದನೆಯ ಸಲ ಡ್ರೈವರ್ ಇಳಿದು ಗಡ್ಡ ಮಾಡಿಸಿಕೊಂಡ. ಎರಡನೆಯ ಸಲ ಪ್ರತಿ ಮನೆಗೂ ನಂಬರು ಬರೆಸಿದರು. ನಂಬರು ಸರಿಯಾಗಿಯೇ ಇತ್ತು, ಮನೆ ಎಲ್ಲಿ ಅಂತ ಮಾತ್ರ ಗೊತ್ತಾಗಲಿಲ್ಲ. ಪಕ್ಕದ ತಾಲ್ಲೂಕಿನಿಂದ ಬಂದ ಅಗ್ನಿಶಾಮಕದ ಲಾರಿ ಮೂರು ಗಂಟೆ ಸುತ್ತಿ, ನೀರೆಲ್ಲ ಸೋರಿಹೋಗಿ, ನನ್ನ ಹತ್ತಿರವೇ ನೀರು ತುಂಬಿಸಿಕೊಂಡು ವಾಪಸು ಹೋಯಿತು. ಊರಿನವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಾನೂ ನಕ್ಕೆ. ಮೇಡಂ ನಗಲಿಲ್ಲ.

ಯಾಕೆ ನಗಲಿಲ್ಲ ಎಂದು ಆಮೇಲೆ ತಿಳಿಯಿತು. ಮೌಲ್ಯಮಾಪನಕ್ಕೆ ಬಂದಿದ್ದ ಅಧಿಕಾರಿ ರಾಮದಾಸ ಕಾಮತರು ಹೋಗುವಾಗ ಒಂದು ಪತ್ರ ಕೊಟ್ಟು ಹೋಗಿದ್ದರು. ಮೂರನೆಯ ಸಲವೂ ಸೋತರೆ ನಮ್ಮೂರು "ರಕ್ಷಣೆಗೆ ಯೋಗ್ಯವಲ್ಲದ ವಸತಿ". ಜನರನ್ನೆಲ್ಲ ಮೂರು ಬೇರೆ ಬೇರೆ ಬಡಾವಣೆಗಳಿಗೆ ಕಳಿಸುವುದು. ಅಲ್ಲಿ ರಸ್ತೆ ನೆಟ್ಟಗೆ, ಮನೆಗೆ ನಂಬರು, ನಂಬರಿಗೆ ಬೀಗ. ಯಾವ ಕುಟುಂಬ ಎಲ್ಲಿಗೆ ಎಂಬ ಪಟ್ಟಿ ಮಾಡಿ ಸಹಿ ಹಾಕಬೇಕಾದವರು ನೀಲಾಂಬಿಕೆ ಮೇಡಂ. ಅವತ್ತು ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು ಆ ಪತ್ರ ಓದಿ ಹೇಳಿದರು. "ಹೊನ್ನಪ್ಪ, ನನ್ನ ಕೈಯಾರೆ ಈ ಊರನ್ನ ಹಂಚಬೇಕಂತೆ. ನಾನು ಹಾಕಲ್ಲ ಸಹಿ. ನಾನು ಹಾಕದಿದ್ರೆ ಇನ್ನೊಬ್ಬರು ಹಾಕ್ತಾರೆ, ಅಷ್ಟೇ." ಮದುವೆಯಾಗಿ ಒಂಬತ್ತು ವರ್ಷಕ್ಕೆ ಸೌಭಾಗ್ಯ ಬಸುರಿಯಾಗಿದ್ದಳು, ಏಳು ತಿಂಗಳು. ನನ್ನ ಮಗು ಇಲ್ಲೇ ಹುಟ್ಟಬೇಕು, ದಿನಕ್ಕೊಂದು ಅಕ್ಕಪಕ್ಕ ನೋಡುತ್ತ ಬೆಳೆಯಬೇಕು ಎಂದು ಆಸೆ ಕಟ್ಟಿಕೊಂಡವನು ನಾನು.

ಅದಾಗಿ ಒಂದು ವಾರಕ್ಕೆ ನಮ್ಮ ಮನೆ ಮೇಡಮ್ಮಿನ ಮನೆಯ ಬಲಕ್ಕೆ ಬಂತು. ಹಾಲಿನ ಬೆಲ್ ಆಯಿತು, ಬಾಗಿಲು ತಟ್ಟಿದರು. ನಿದ್ದೆಗೆಟ್ಟ ಕಣ್ಣು, ಮುಡಿ ಕಟ್ಟಲೂ ಮನಸ್ಸಿಲ್ಲ. "ಎಷ್ಟು ಜನ?" "ಇಬ್ಬರು ಮೇಡಂ." "ನಡೆಯೋಕಾಗದೋರು?" "ಸೌಭಾಗ್ಯ ನಡೀತಾಳೆ, ಓಡೋಕಾಗಲ್ಲ." ಮೇಡಂ ಮೂರನೆಯದು ಕೇಳಲಿಲ್ಲ. ನಿಂತಲ್ಲೇ ನಿಂತು, "ಹೊನ್ನಪ್ಪ, ಈಗ ಸೈರನ್ ಆಯ್ತು ಅಂತ ಇಟ್ಕೊ. ನೀನು ಟ್ಯಾಂಕಿನ ಮೇಲಿರ್ತೀಯ. ಸೌಭಾಗ್ಯನ್ನ ಯಾರು ಕರ್ಕೊಂಡು ಬರ್ತಾರೆ?" ಅಂದರು. ನನಗೆ ರೇಗಿತು. "ಇದೇನು ಕೇಳ್ತೀರಿ ಮೇಡಂ? ನೀವೇ. ಇವತ್ತು ಬಾಗಿಲು ಕೇಳಿದೋರು ನೀವಲ್ವಾ?" ಅಂದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಹಣೆ ಹಣೆ ಚಚ್ಚಿಕೊಂಡು ನಗತೊಡಗಿದರು. ನಗುತ್ತ ನಗುತ್ತಲೇ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಕಚೇರಿ ಹುಡುಕಿಕೊಂಡು ಓಡಿದರು. ಒಲೆಗೆ ಏನು ಬೇಕು ಎಂದು ಕೇಳದೇ ಹೋದರಲ್ಲ ಎಂದು ಸೌಭಾಗ್ಯ ಗೊಣಗಿದಳು. ಅವತ್ತು ನಮ್ಮನೆಯಲ್ಲಿ ಉಪ್ಪು ಮುಗಿದಿತ್ತು.

ಮೇಡಂ ಬರೆದ ಹೊಸ ಯೋಜನೆಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಕ್ಷೆಯ ಜಾಗದಲ್ಲಿ ಒಂದು ಖಾಲಿ ಹಾಳೆ, ನಡುವೆ ಒಂದು ಚುಕ್ಕೆ. ಚುಕ್ಕೆಯೆಂದರೆ ಟ್ಯಾಂಕು. ಅದರ ಕೆಳಗೆ ಒಂದೇ ಸಾಲು: ಸೈರನ್ ಆದ ಕೂಡಲೇ ಪ್ರತಿಯೊಂದು ಮನೆಯವರು ತಮ್ಮ ಬಲಗಡೆಯ ಮನೆಯವರನ್ನು ಟ್ಯಾಂಕಿಗೆ ಕರೆತರತಕ್ಕದ್ದು. ಇದನ್ನು ಓದಿ ಕಾಮತರು ರಾಜಧಾನಿಯಿಂದಲೇ ಫೋನು ಮಾಡಿದರಂತೆ. "ಇದು ಯೋಜನೆಯೋ, ಮಕ್ಕಳ ಆಟವೋ?" ಅಂದರಂತೆ. "ಬಂದು ನೋಡಿ ಸರ್," ಅಂದರಂತೆ ಮೇಡಂ.

ಕಾಮತರು ಯಾವತ್ತು ಬರುತ್ತೇನೆಂದು ಹೇಳದೆಯೇ ಬಂದರು. ಒಂದು ಬುಧವಾರ, ಇನ್ನೂ ನಸುಕು ಬಿಡದ ಹೊತ್ತಿನಲ್ಲಿ, ತಾಲ್ಲೂಕು ಕಚೇರಿಯ ಎದುರಿನ ಖಾಲಿ ಮನೆಯೊಂದರಲ್ಲಿ ಪಕ್ಕದ ತಾಲ್ಲೂಕಿನ ಇಬ್ಬರು ಪೊಲೀಸರನ್ನು ಗುಟ್ಟಾಗಿ ಬಿಟ್ಟರು. ಒಬ್ಬರು ದಫೇದಾರ್ ಮುನಿಶಾಮಿ, ಇನ್ನೊಬ್ಬರು ಕಾನ್ಸ್‌ಟೇಬಲ್ ಚೆನ್ನಬೋರ. ಅವರೇ ಅವತ್ತಿನ ಭಯೋತ್ಪಾದಕರು. ಮುಖಕ್ಕೆ ಕಪ್ಪು ಬಟ್ಟೆ, ಕೈಗೆ ಮರದ ಬಂದೂಕು, ಬಾಂಬಿನ ಲೆಕ್ಕಕ್ಕೆ ಕೆಂಪು ವೈರು ಸುತ್ತಿದ ಒಂದು ಟಿಫಿನ್ ಕ್ಯಾರಿಯರ್. ಒಂಬತ್ತು ಗಂಟೆಗೆ ಎದುರಿನ ಕಚೇರಿಗೆ ನುಗ್ಗಿ ಗುಮಾಸ್ತರನ್ನು ಒತ್ತೆ ಇಟ್ಟುಕೊಳ್ಳಬೇಕೆಂದು ಹುಕುಂ. ಎಲ್ಲ ಸರಿ. ಆದರೆ ಬೆಳಕು ಹರಿಯಿತು ನೋಡಿ, ಮನೆ ಸುಮ್ಮನಿರುತ್ತದೆಯೇ? ಇವರಿಬ್ಬರನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಊರಿನ ಇನ್ನೊಂದು ಮೂಲೆಗೆ ಹೊರಟುಹೋಯಿತು. ಮುನಿಶಾಮಿ ಕಿಟಕಿಯ ಸಂದಿಯಿಂದ ನೋಡಿದರೆ ಕಚೇರಿಯ ಜಾಗದಲ್ಲಿ ಎರಡು ಎಮ್ಮೆ ನಿಂತು ಮೆಲುಕು ಹಾಕುತ್ತಿದ್ದವು. ವೈರ್‌ಲೆಸ್ಸಿನಲ್ಲಿ ಹೇಳೋಣವೆಂದರೆ ಎಲ್ಲಿದ್ದೇವೆಂದು ಹೇಳುವುದು? ಇದನ್ನೆಲ್ಲ ಮುನಿಶಾಮಿಯವರೇ ಆಮೇಲೆ ನನ್ನ ಹತ್ತಿರ ಹೇಳಿಕೊಂಡು ನಕ್ಕರು.

ಹಾಲಿನ ಬೆಲ್ ಆಯಿತು. ಬಾಗಿಲು ತಟ್ಟಿದವಳು ಸಣ್ಣತಾಯಮ್ಮ! "ಯಾರ್ ಮಗಾ ಒಳಗೆ? ಹೊಸಬ್ರು ಬಂದ್ರಾ? ತಗಿ ಬಾಗ್ಲ." ಇಬ್ಬರೂ ಉಸಿರು ಬಿಗಿಹಿಡಿದರು. ಆದರೆ ಅಜ್ಜಿಯಂಥ ದನಿ "ಮಗಾ" ಅಂದರೆ ಯಾರು ತಾನೇ ಎಷ್ಟು ಹೊತ್ತು ಬಿಗಿಹಿಡಿಯುತ್ತಾರೆ? ಮುನಿಶಾಮಿ ಬಾಗಿಲು ತೆರೆದರು. ಸಣ್ಣತಾಯಮ್ಮ ಮುಖದ ಕಪ್ಪು ಬಟ್ಟೆ ನೋಡಿ, "ಹಲ್ ನೋವಾ?" ಅಂದಳು. "ಹೂಂ," ಅಂದರು. "ಎಷ್ಟು ಜನ?" "ಇಬ್ಬರು." "ನಡ್ಯಕ್ಕಾಗ್ದೋರು?" ಚೆನ್ನಬೋರ ಬಾಯಿ ತಪ್ಪಿ, "ನಂಗೆ ಮಂಡಿ ನೋವು ಕಣಮ್ಮ, ಮೆಟ್ಲು ಹತ್ತಕ್ಕಾಗಲ್ಲ. ದಫೇದಾರ್ರಿಗೆ ಸಕ್ಕರೆ ಕಾಯಿಲೆ," ಎಂದುಬಿಟ್ಟ. ಅವಳು ಮೂಲೆಯಲ್ಲಿದ್ದ ಟಿಫಿನ್ ಕ್ಯಾರಿಯರ್ ಎತ್ತಿ ಅಲ್ಲಾಡಿಸಿ, "ಖಾಲಿ ಡಬ್ಬಿ ಇಟ್ಕಂಡು ಕೂತವ್ರೆ," ಎಂದು ಬೈಯುತ್ತ ತೆಗೆದುಕೊಂಡು ಹೋದಳು. ಅರ್ಧ ಗಂಟೆಗೆ ಬಾಂಬು ಬೆಳ್ಳಗೆ ತೊಳೆದುಕೊಂಡು ವಾಪಸು ಬಂತು. ಮೇಲಿನ ಡಬ್ಬಿಯಲ್ಲಿ ಚಿತ್ರಾನ್ನ, ಕೆಳಗಿನದರಲ್ಲಿ ಸಕ್ಕರೆ ಕಾಯಿಲೆಯವರಿಗೆಂದು ರಾಗಿರೊಟ್ಟಿ. ಕೆಂಪು ವೈರಿನಲ್ಲಿ ಅವಳು ಆಗಲೇ ಎಮ್ಮೆಯ ಕರು ಕಟ್ಟಿಹಾಕಿದ್ದಳು.

ನೀರಿಗೆ ಬಂದವಳು ನನಗೂ ಕೂಗಿ ಹೇಳಿದಳು. "ಹೊನ್ನಪ್ಪಾ, ನನ್ ಬಲಕ್ಕೆ ಇಬ್ರು ಹೊಸಬ್ರು ಬಂದವ್ರೆ. ಎರಡ್ ಕೊಡ ಜಾಸ್ತಿ ಬುಡು." ನಾನು ದಿನದ ನೀರಿನ ಲೆಕ್ಕ ಬರೆಯುವ ಸ್ಲೇಟಿನ ಮೇಲೆ ಬರೆದುಕೊಂಡೆ, ಆರೂ ಮುಕ್ಕಾಲು, ಹೊಸಬರು ಇಬ್ಬರು, ಒಬ್ಬರಿಗೆ ಮಂಡಿ. ಬರೆದು ಸುಮ್ಮನಾದೆ. ಯಾರು, ಎತ್ತ ಎಂದು ನನ್ನ ದಪ್ಪ ತಲೆಗೆ ಹೊಳೆಯಲೇ ಇಲ್ಲ.

ಒಂಬತ್ತೂವರೆಗೆ ಕಾಮತರು ಟ್ಯಾಂಕಿನ ಹತ್ತಿರ ಬಂದರು. ಕೈಯಲ್ಲಿ ಓಟದ ಪಂದ್ಯಕ್ಕೆ ಹಿಡಿಯುವಂಥ ಗಡಿಯಾರ, ಮುಖದಲ್ಲಿ ಗಾಬರಿ. ಅವರ ಭಯೋತ್ಪಾದಕರೇ ಕಳೆದುಹೋಗಿದ್ದರು. ಆದರೂ ತೋರಿಸಿಕೊಳ್ಳದೆ ಮೇಡಮ್ಮಿಗೆ ನಿಯಮ ಹೇಳಿದರು. ಅರ್ಧ ಗಂಟೆಯೊಳಗೆ ಊರೆಲ್ಲ ಇಲ್ಲಿರಬೇಕು. ತಲೆ ಎಣಿಕೆಯಲ್ಲಿ ಒಂದೂ ಹೆಚ್ಚುಕಮ್ಮಿ ಆಗಬಾರದು. ಆಮೇಲೆ ನನ್ನ ಕಡೆ ತಿರುಗಿ, "ಹೊಡಿ ಸೈರನ್," ಅಂದರು. ಮೇಡಮ್ಮಿನ ಮುಖ ನೋಡಿದೆ. ಮನಸ್ಸಿನಲ್ಲೇ ನಮ್ಮ ಮನೆದೇವರಿಗೆ ಕೈ ಮುಗಿದು ಗುಂಡಿ ಒತ್ತಿದೆ.

ಟ್ಯಾಂಕಿನ ಮೇಲಿಂದ ಅವತ್ತು ನಾನು ನೋಡಿದ್ದನ್ನು ಸಾಯುವ ತನಕ ಮರೆಯುವುದಿಲ್ಲ. ಬಾಗಿಲುಗಳು ಪಟಪಟನೆ ತೆರೆದವು. ಯಾರೂ ನೇರವಾಗಿ ಟ್ಯಾಂಕಿನ ಕಡೆ ಓಡಲಿಲ್ಲ. ಎಲ್ಲರೂ ಮೊದಲು ಬಲಕ್ಕೆ ಹೋದರು. ಆರು ತಿಂಗಳಿಂದ ಮಾತು ಬಿಟ್ಟಿದ್ದ ತಮ್ಮನೊಬ್ಬ ಅಣ್ಣನನ್ನು ಬೆನ್ನಿಗೆ ಹಾಕಿಕೊಂಡು ಬಂದ, ಅಣ್ಣ ದಾರಿಯುದ್ದಕ್ಕೂ ಅವನನ್ನು ಬೈಯುತ್ತಿದ್ದ. ಸಲೂನಿನವನು ಅರ್ಧ ಕ್ಷೌರ ಆದವನನ್ನು ಬಟ್ಟೆ ಸಮೇತ ಕರೆತಂದ. ಹೈಸ್ಕೂಲಿನ ಹೆಡ್‌ಮಾಸ್ಟರು ತಮ್ಮ ಬಲಗಡೆಯ ಮನೆಯ ಅವಳಿ ಕೂಸುಗಳನ್ನು ಎರಡು ಕಂಕುಳಲ್ಲೂ ಹಿಡಿದುಕೊಂಡು ಬಂದರು. ಸೌಭಾಗ್ಯಳನ್ನು ಅಂಚೆ ಕಚೇರಿಯ ಇಬ್ಬರು ನಡುವೆ ನಡೆಸಿಕೊಂಡು, ಮೇಲೊಂದು ಕೊಡೆ ಹಿಡಿದು ತಂದರು. ಮೆರವಣಿಗೆ ಅಂದರೆ ಮೆರವಣಿಗೆ! ಕಾಮತರು ಗಡಿಯಾರ ಒತ್ತಿದರು. ಹದಿನಾಲ್ಕು ನಿಮಿಷ. ಅವರು ಗಡಿಯಾರವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು.

ಎಣಿಕೆ ಶುರುವಾಯಿತು. ಪ್ರತಿಯೊಬ್ಬರೂ ಬಲಗಡೆಯ ಮನೆಯ ತಲೆ ಹೇಳುವುದು, ನಾನು ಟ್ಯಾಂಕಿನ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ಊರಿನ ಲೆಕ್ಕ ಎರಡು ಸಾವಿರದ ಮುನ್ನೂರ ಆರು. ಕೂಡಿದೆ. ಎರಡು ಸಾವಿರದ ಮುನ್ನೂರ ಎಂಟು ಬಂತು. ಮತ್ತೆ ಕೂಡಿದೆ. ಎಂಟೇ. ಕಾಮತರು ಗಂಟಲು ಸರಿಮಾಡಿಕೊಂಡು, "ಎರಡು ತಲೆ ಹೆಚ್ಚು. ಲೆಕ್ಕ ತಪ್ಪಿದರೆ ಯೋಜನೆ ತಪ್ಪಿದಂತೆ, ನೀಲಾಂಬಿಕೆಯವರೇ. ನನಗೂ ಬೇಸರವೇ," ಅಂದರು. ಮೇಡಂ ಮೆಟ್ಟಿಲ ಮೇಲೆ ಕುಸಿದು ಕೂತರು. ಮೊದಲ ದಿನ ಅತ್ತ ಅದೇ ಮೆಟ್ಟಿಲು.

"ಅದ್ಯಾಕೆ ತಪ್ತದೆ? ನನ್ ಬಲಗಡೆಯೋರು ಇಬ್ರು, ಇಲ್ಲೇ ಅವ್ರೆ ನೋಡಿ," ಎಂದು ಸಣ್ಣತಾಯಮ್ಮ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ಅವಳ ಹಿಂದೆ ಮುಖಕ್ಕೆ ಕಪ್ಪು ಬಟ್ಟೆ ಕಟ್ಟಿದ ಇಬ್ಬರು, ಬೆವರು ಸುರಿಸುತ್ತ, ಅವಳ ತೊಂಬತ್ತು ವರ್ಷದ ಅತ್ತೆಯನ್ನು ಕುರ್ಚಿ ಸಮೇತ ಹೊತ್ತು ನಿಂತಿದ್ದರು. ಮರದ ಬಂದೂಕು ಎರಡೂ ಅಜ್ಜಿಯ ಮಡಿಲಲ್ಲಿದ್ದವು. ಅಜ್ಜಿ ಒಂದನ್ನು ಊರುಗೋಲಿನ ಹಾಗೆ ಹಿಡಿದುಕೊಂಡಿತ್ತು. ಟಿಫಿನ್ ಕ್ಯಾರಿಯರ್ ಚೆನ್ನಬೋರನ ಕುತ್ತಿಗೆಯಲ್ಲಿ ತೂಗುತ್ತಿತ್ತು.

ನಮ್ಮ ಸಬ್ ಇನ್ಸ್‌ಪೆಕ್ಟರು, "ಅಯ್ಯೋ, ಇವರು ಪಕ್ಕದ ತಾಲ್ಲೂಕಿನ ದಫೇದಾರ್ ಮುನಿಶಾಮಿ!" ಅಂದರು. ನಗು ಎಲ್ಲಿಂದ ಎದ್ದಿತೋ ಕಾಣೆ, ಇಡೀ ಊರು ನಕ್ಕಿತು. ಕಾಮತರು ಮಾತ್ರ ಕೆಂಡವಾದರು. "ರೀ ಮುನಿಶಾಮಿ! ನೀವು ಭಯೋತ್ಪಾದಕರು! ಬಾಗಿಲು ಯಾಕ್ರೀ ತೆಗೆದಿರಿ?" ಮುನಿಶಾಮಿ ಕುರ್ಚಿ ಇಳಿಸಿ, ಬಟ್ಟೆ ಬಿಚ್ಚಿ, ಸಲ್ಯೂಟ್ ಹೊಡೆದು ನಿಂತರು. "ತಪ್ಪಾಯ್ತು ಸಾರ್. ಆಯಮ್ಮ ಕಾಯಿಲೆ ಕಸಾಲೆ ಏನಾದ್ರೂ ಇದ್ಯಾ ಅಂತ ಕೇಳಿದ್ರು ಸಾರ್. ಹತ್ತೊಂಬತ್ತು ವರ್ಷ ಸರ್ವಿಸು, ಯಾರೂ ಕೇಳಿರಲಿಲ್ಲ," ಅಂದರು. ನಗು ಒಮ್ಮೆಲೇ ನಿಂತಿತು.

ಕಾಮತರು ತಣ್ಣಗಾದರು. ಸಣ್ಣತಾಯಮ್ಮನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಅಮ್ಮಾ, ಇವರು ನಮ್ಮವರು, ಆಯಿತು. ನಿಜವಾದವರೇ ಆಗಿದ್ದರೆ?" ಸಣ್ಣತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಿಜವಾದೋರಾಗಿದ್ರೆ ಬಾಗ್ಲು ತಗೀತಿದ್ರಾ ಸ್ವಾಮಿ? ತಗೀದಿದ್ರೆ ತಟ್ಟೆ ಬಡೀತಿದ್ದೆ. ಆಮೇಲೆ ಊರೇ ಬರ್ತಿತ್ತು," ಅಂದಳು. ಆಗ ನಾನು ಸ್ಲೇಟು ತೆಗೆದು ತೋರಿಸಿದೆ. ಅವರು ಓದಿ ಹುಬ್ಬೇರಿಸಿದರು. "ಆರೂ ಮುಕ್ಕಾಲಿಗೇ ಊರಿಗೆ ಗೊತ್ತಿತ್ತು! ಮತ್ತೆ ಪೊಲೀಸರಿಗೆ ಯಾಕೆ ಹೇಳಲಿಲ್ಲ?" ನಾನು ತಲೆ ತಗ್ಗಿಸಿದೆ. ತಪ್ಪು ನನ್ನದೇ. ಹೊಸಬರೆಂದರೆ ನೀರು ಜಾಸ್ತಿ ಬಿಡಬೇಕು ಎಂಬುದೊಂದೇ ನನಗೆ ಗೊತ್ತಿದ್ದದ್ದು.

ಅವರು ಬೈಯಲಿಲ್ಲ. ಮೆಟ್ಟಿಲ ಮೇಲೆ ಮೇಡಮ್ಮಿನ ಪಕ್ಕದಲ್ಲಿ ಕೂತರು. ನಾನು ವಾಲ್ವಿನ ಹತ್ತಿರ ಇದ್ದೆ, ಅವರು ಹೇಳಿದ್ದು ಕಿವಿಗೆ ಬಿತ್ತು. "ಮೂವತ್ತು ವರ್ಷದ ಹಿಂದೆ ಒಂದು ಪೇಟೆಯಲ್ಲಿ ಬಾಂಬು ಸಿಡಿಯಿತು. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಸತ್ತವರ ಪಟ್ಟಿ ಅವತ್ತೇ ಸಿಕ್ಕಿತು. ಕಾಣೆಯಾದವರು ಯಾರು ಅಂತ ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಒಬ್ಬ ಹೆಂಗಸು ಆ ಎರಡು ದಿನವೂ ಗೋಡೆಯಡಿ ಜೀವ ಹಿಡಿದುಕೊಂಡಿದ್ದಳು. ಅವಳು ಆ ಮನೆಯಲ್ಲಿ ಇದ್ದಾಳೆಂಬುದೇ ಅಕ್ಕಪಕ್ಕದವರಿಗೆ ತಿಳಿದಿರಲಿಲ್ಲ." ಕಾಮತರು ಎದ್ದು, "ಇವತ್ತು ಇಲ್ಲೇ ಉಳಿಯುತ್ತೇನೆ. ನಾಳೆ ಹೇಳುತ್ತೇನೆ," ಅಂದರು.

ಪ್ರವಾಸಿ ಮಂದಿರದಲ್ಲಿ ಮಲಗಿದರು. ಬೆಳಗ್ಗೆ ಪ್ರವಾಸಿ ಮಂದಿರ ಬಂದು ನಿಂತದ್ದು ನೀಲಾಂಬಿಕೆ ಮೇಡಮ್ಮಿನ ಬಲಗಡೆ. ಅವತ್ತು ನೀರು ಬಿಡುವ ದಿನವಲ್ಲ, ನಾನು ಮನೆಯಲ್ಲೇ ಇದ್ದೆ. ಹಾಲಿನ ಬೆಲ್ ಆಯಿತು. ಮೇಡಂ ಬಾಗಿಲು ತಟ್ಟಿದರು. ಸದ್ದಿಲ್ಲ. ಮತ್ತೆ ತಟ್ಟಿದರು. "ಸರ್? ಕಾಮತ್ ಸರ್?" ಇಲ್ಲ. ಸಾಹೇಬರು ಪರೀಕ್ಷೆ ಮಾಡುತ್ತಿದ್ದಾರೇನೋ, ಇದನ್ನು ನಂಬಿ ಊರೆಲ್ಲ ಎಬ್ಬಿಸಿದರೆ ನಗೆಪಾಟಲಾಗುತ್ತೇನೇನೋ ಎಂದು ಒಂದು ಗಳಿಗೆ ಅನ್ನಿಸಿತಂತೆ. ಮರುಗಳಿಗೆಗೆ ಗೋಡೆಯಡಿಯ ಆ ಹೆಂಗಸು ನೆನಪಾದಳಂತೆ. ಒಳಗೆ ಓಡಿ ಸ್ಟೀಲಿನ ತಟ್ಟೆ, ಸೌಟು ತಂದು ಬಡಿದರು ನೋಡಿ!

ಆ ಸದ್ದಿಗೆ ಎಡಗಡೆಯವರು ಬಡಿದರು, ಅವರ ಸದ್ದಿಗೆ ಹಿಂದಿನ ಬೀದಿಯವರು. ಇಡೀ ಊರು ಗಣಗಣ ಅಂದಿತು. ಜನ ಓಡಿದರು, ಪೊಲೀಸರು ಓಡಿದರು. ಹಿಂದಿನ ಸಲ ದಾರಿ ತಪ್ಪಿ ಸುತ್ತಿದ್ದ ಅಗ್ನಿಶಾಮಕದ ಡ್ರೈವರು ನಿನ್ನೆ ಕಾರ್ಯಾಚರಣೆಗೆಂದು ಬಂದವನು ಊರಲ್ಲೇ ತಂಗಿದ್ದ. ಅವನು ಈ ಸಲ ಯಾರನ್ನೂ ದಾರಿ ಕೇಳಲಿಲ್ಲ, ಸದ್ದು ಜೋರಾದ ಕಡೆಗೆ ಸ್ಟೇರಿಂಗ್ ತಿರುಗಿಸುತ್ತ ನೆಟ್ಟಗೆ ಬಂದು ನಿಂತ. ಅವನ ಹಿಂದೆಯೇ ಆಂಬುಲೆನ್ಸು. ಇನ್ನೇನು ಬಾಗಿಲು ಒಡೆಯಬೇಕು, ಆಗ ತೆರೆಯಿತು. ಹೆಗಲ ಮೇಲೆ ಟವೆಲ್ಲು, ಅರ್ಧ ಮುಖಕ್ಕೆ ಸೋಪಿನ ನೊರೆ, ಕೈಯಲ್ಲಿ ಗಡಿಯಾರ. "ನಾಲ್ಕು ನಿಮಿಷ ಹನ್ನೆರಡು ಸೆಕೆಂಡು," ಅಂದರು ಕಾಮತರು.

ಮೇಡಮ್ಮಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂತು. "ನನ್ನ ಜೀವ ಬಾಯಿಗೆ ಬಂದಿತ್ತು ಸರ್! ಹೀಗೆಲ್ಲ ಮಾಡ್ತಾರಾ ಯಾರಾದ್ರೂ?" ಎಂದು ಅಧಿಕಾರಿ ಎಂಬುದನ್ನೂ ನೋಡದೆ ಗದರಿದರು. ಆಮೇಲೆ ಕಣ್ಣೊರೆಸಿಕೊಂಡು, ಕ್ರಮ ತಪ್ಪದ ಹಾಗೆ ಕೇಳಿದರು. "ಎಷ್ಟು ಜನ ಇದ್ದೀರಿ?" "ಒಬ್ಬನೇ." "ನಡೆಯೋಕಾಗದೋರು?" "ಯಾರೂ ಇಲ್ಲ." "ಒಲೆಗೆ ಏನಾದ್ರೂ ಬೇಕಾ?" ಕಾಮತರು ಸುತ್ತ ನೆರೆದ ತಟ್ಟೆ, ಸೌಟು, ಲಾಠಿ, ಪೈಪುಗಳನ್ನೆಲ್ಲ ನೋಡಿದರು. "ಒಂದು ಲೋಟ ಕಾಫಿ ಸಿಕ್ಕರೆ," ಅಂದರು. ಆಹಾ, ಆ ನಗು! ಹತ್ತು ಮನೆಯಿಂದ ಹತ್ತು ಲೋಟ ಕಾಫಿ ಬಂತು. ನೊರೆಯ ಜೊತೆಗೇ ಕುಡಿದರು.

ಸಣ್ಣತಾಯಮ್ಮ ಸುಮ್ಮನಿರಬೇಕಲ್ಲ. "ಅದೆಲ್ಲ ಸರಿ ಸ್ವಾಮಿ, ನೀವು ನಿಮ್ ಬಲಗಡೆ ಮನೆ ಕೇಳುದ್ರಾ?" ಅಂದಳು. ಕಾಮತರು ತಬ್ಬಿಬ್ಬಾಗಿ ಬಲಕ್ಕೆ ನೋಡಿದರು. ಬಲಗಡೆ ಇದ್ದದ್ದು ನಮ್ಮ ಮನೆ! ನಾನು ಗುಂಪಿನಿಂದ ಎದ್ದೂ ಬಿದ್ದೂ ಓಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಇಲ್ಲದಿದ್ದರೆ ಅವರು ತಟ್ಟುವುದು ಏನನ್ನು? ಮೂರು ಸಲ ತಟ್ಟಿದರು. ತೆರೆದೆ. ರಾಜಧಾನಿಯ ಅಧಿಕಾರಿ ನನ್ನ ಹೊಸ್ತಿಲಲ್ಲಿ ಬರಿಗಾಲಲ್ಲಿ ನಿಂತು, ಪರೀಕ್ಷೆಗೆ ಬಂದ ಹುಡುಗನ ಹಾಗೆ ನೆನಪಿಸಿಕೊಂಡು ಕೇಳಿದರು. "ಎಷ್ಟು ಜನ ಇದ್ದೀರಿ?" "ಇಬ್ಬರು ಸಾರ್. ನಾನು, ನನ್ನ ಹೆಂಡತಿ." "ನಡೆಯಲು ಆಗದವರು?" ನಾನು ಬಾಯಿ ಬಿಡುವ ಮೊದಲೇ ಸೌಭಾಗ್ಯ ಗೋಡೆ ಹಿಡಿದುಕೊಂಡು ನನ್ನ ಹಿಂದೆ ಬಂದು ನಿಂತಳು. ಕಾಮತರು ಅವಳನ್ನು ನೋಡಿದರು. "ಸರಿ, ಗೊತ್ತಾಯಿತು. ನಿಧಾನಕ್ಕೆ ನಡೆಸಿಕೊಂಡು ಹೋಗಬೇಕು," ಎಂದು ತಮಗೆ ತಾವೇ ಹೇಳಿಕೊಂಡರು. ಒಲೆಗೆ ಏನು ಬೇಕೆಂದಾಗ ಸೌಭಾಗ್ಯ, "ಉಪ್ಪು," ಅಂದಳು. ಅವರೇ ಹೋಗಿ ಮೇಡಮ್ಮಿನ ಮನೆಯಿಂದ ಉಪ್ಪು ಇಸಿದುಕೊಂಡು ಬಂದು ಕೊಟ್ಟರು. ಮಾರನೆಯ ದಿನ ಹಾಲು ಬರುವ ತನಕ ಊರು ಬಿಟ್ಟು ಹೋಗಲಿಲ್ಲ. ಎರಡು ಸಲ ಬಂದು ಸೌಭಾಗ್ಯ ಹೇಗಿದ್ದಾಳೆಂದು ಕೇಳಿ ಹೋದರು.

ಒಂದು ತಿಂಗಳಾದ ಮೇಲೆ ವರದಿ ಬಂತು. ಮೇಡಂ ಅದನ್ನು ಟ್ಯಾಂಕಿನ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಓದಿದರು. ಊರು ಇದ್ದಲ್ಲೇ ಇರತಕ್ಕದ್ದು ಎಂದಿತ್ತು. ಅದು ಯಾವಾಗ ಇದ್ದಲ್ಲೇ ಇತ್ತು ಎಂದು ಯಾರೋ ಹಿಂದಿನಿಂದ ಕೂಗಿದರು, ಮತ್ತೆ ನಗು. ವಾಟರ್‌ಮನ್ನಿನ ಸ್ಲೇಟನ್ನು ಪ್ರತಿದಿನ ಏಳು ಗಂಟೆಯೊಳಗೆ ಪೊಲೀಸ್ ಠಾಣೆಗೆ ತಲುಪಿಸತಕ್ಕದ್ದು ಎಂದೂ ಇತ್ತು. ಅಂದಿನಿಂದ ಠಾಣೆ ಹುಡುಕಿಕೊಂಡು ಹೋಗುವುದೇ ನನ್ನ ಬೆಳಗಿನ ವ್ಯಾಯಾಮ. ನಕ್ಷೆಯ ಹಾಳೆಯಲ್ಲಿ ಮೇಡಮ್ಮಿನ ಚುಕ್ಕೆ ಹಾಗೇ ಇತ್ತು, ಅದರ ಕೆಳಗೆ ಕಾಮತರ ಸಹಿ. ಮೇಡಂ ಓದುತ್ತ ಓದುತ್ತ ಕಡೆಯ ಸಾಲಿಗೆ ಬಂದು ತಡವರಿಸಿದರು. "ಒಟ್ಟು ಜನಸಂಖ್ಯೆ, ಎರಡು ಸಾವಿರದ ಮುನ್ನೂರ ಏಳು. ಏಳು? ನಾವಿರೋದು ಆರಲ್ವಾ?"

ಸಾಹೇಬರು ತಮ್ಮನ್ನೂ ಸೇರಿಸಿಕೊಂಡಿರಬೇಕು ಎಂದರು ಕೆಲವರು. ಕೂಡುವಾಗ ತಪ್ಪಿರಬೇಕು ಎಂದರು ಹೆಡ್‌ಮಾಸ್ಟರು. ತಿದ್ದಿ ಕಳಿಸಲು ಒಂದು ಪತ್ರ ಬರೆಯುತ್ತೇನೆಂದು ಮೇಡಂ ಪೆನ್ನು ತೆಗೆದರು. ನಾನು ಸೌಭಾಗ್ಯಳ ಕಡೆ ನೋಡಿದೆ. ಅವಳು ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ನೋಡಿ ನಗುತ್ತಿದ್ದಳು.

"ತಿದ್ದಬೇಡಿ ಮೇಡಂ," ಅಂದೆ. "ಅವರು ನಮ್ಮ ಬಾಗಿಲು ಕೇಳಿದ್ದಾರೆ. ಲೆಕ್ಕ ಸರಿಯಾಗೇ ಇದೆ."